ಅವನ ಮುಖದಲ್ಲಿ ಕಿತ್ತಳೆ

ಕಾಗದದ ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

ಮೇಜಿನ ಆಚೆ ಬದಿಯಲ್ಲಿ ನಿಂತಿದ್ದ ಅವನ ಕೈಯಲ್ಲೂ ಅಂಥದ್ದೇ ಒಂದು ಪಟ್ಟಿ. ಮಕ್ಕಳ ಸೋಪಿಗೆ ಹಾಕುವ ಕಿತ್ತಳೆ ಎಣ್ಣೆಯಲ್ಲಿ ತುದಿ ಅದ್ದಿದ್ದು. ಅವನು ಮೂಸಿದ. ಹುಬ್ಬು ಒಂಚೂರು ಗಂಟಿಕ್ಕಿತು. ಅಷ್ಟರಲ್ಲಿ ಅವನು ತಲೆಯೆತ್ತಿ, ಅವಳ ಕಣ್ಣು ತನ್ನ ಮೇಲೆ ನೆಟ್ಟಿರುವುದನ್ನು ಕಂಡ. ಹುಬ್ಬಿನ ಗಂಟು ಬಿಚ್ಚಿಕೊಂಡಿತು. ಮೊದಲು ತುಟಿಯ ಎಡತುದಿ, ಆಮೇಲೆ ಬಲತುದಿ, ಆಮೇಲೆ ಕೆನ್ನೆಯ ಗುಳಿ, ಹೀಗೆ ಕಂತುಕಂತಾಗಿ ಬರುವ ಅವನ ನಗು ಪೂರ್ತಿ ಬಂದು ನಿಂತಿತು.

"ಚೆನ್ನಾಗಿದೆ," ಎಂದಳು ಅವಳು. "ಪಾಸ್."

"ನೀವು ಪಾಸ್ ಅಂದ್ಮೇಲೆ ಮುಗೀತು," ಎಂದು ಅವನು ತೂಕಕ್ಕೆ ತಿರುಗಿದ. ಅವನ ಕಿವಿ ಕೆಂಪಗಾಗಿತ್ತು.

ಅವಳಿಗೆ ಕಿತ್ತಳೆಯ ವಾಸನೆ ಬಂದಿರಲಿಲ್ಲ. ಬೆಳಿಗ್ಗೆ ಚಹಾದ ವಾಸನೆಯೂ ಬಂದಿರಲಿಲ್ಲ. ಮೂಗಿನ ಕೆಲಸಕ್ಕೇ ಸಂಬಳ ತೆಗೆದುಕೊಳ್ಳುವವಳಿಗೆ ಕೆಲವು ವಾರಗಳಿಂದ ಯಾವುದರ ವಾಸನೆಯೂ ಬರುತ್ತಿರಲಿಲ್ಲ.

ಆ ಸೋಪಿನ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮೂಗುರಾಣಿ ಎನ್ನುತ್ತಿದ್ದರು. ಅವಳು ಮೂಸಿ ಒಪ್ಪದೆ ಒಂದು ಹನಿ ಪರಿಮಳವೂ ಕೆಳಗಿನ ಕಡಾಯಿಗೆ ಇಳಿಯುವಂತಿರಲಿಲ್ಲ. ಪರಿಮಳದ ಕೋಣೆಯಲ್ಲಿ ತೂಗುವುದು, ಅಳೆಯುವುದು, ಬೆರೆಸುವುದು ಅವನ ಕೆಲಸ. ಅದಕ್ಕೇ ಅವನ ಹೆಸರು ತಕ್ಕಡಿ. ಉದ್ದ ಮನುಷ್ಯ, ನಡೆಯುವಾಗಲೂ ಎರಡು ಬದಿಯ ಭಾರ ಸರಿಯಿದೆಯೇ ಎಂದು ನೋಡಿಕೊಂಡಂತೆ ನಡೆಯುತ್ತಿದ್ದ. ಹನಿಹಾಕುವ ಸಣ್ಣ ಗಾಜಿನ ಕೊಳವೆಯನ್ನು ಅವಳ ಬೆರಳು ಹಿಡಿಯಲಾರವು ಎಂಬುದು ಅವನಿಗೆ ಗೊತ್ತಿತ್ತು. ಕೇಳದೆಯೇ ಆ ಕೆಲಸವನ್ನು ತನ್ನ ಕಡೆ ಎಳೆದುಕೊಂಡಿದ್ದ.

ಅವಳಿಗೆ ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಾದವರ ಮಂಡಿನೋವಲ್ಲ, ವಯಸ್ಸಿನ ಮುಖ ನೋಡದೆ ಬರುವ ಕೀಲುವಾತ. ಅವಳ ಕೀಲು ನೋಡುವ ಡಾಕ್ಟರಮ್ಮ ಅದನ್ನು ಮೊದಲ ದಿನವೇ ಬಿಡಿಸಿ ಹೇಳಿದ್ದರು. "ನಿನ್ನ ಮೈ ಕಾಯೋ ಕಾವಲುಗಾರನೇ ದಾರಿ ತಪ್ಪಿ ಮನೆಯವರನ್ನ ಹೊಡೀತಿದಾನಮ್ಮ. ಅವನಿಗೆ ಸ್ವಲ್ಪ ತೂಕಡಿಕೆ ಬರೋ ಹಾಗೆ ಇಂಜೆಕ್ಷನ್ ಕೊಡ್ತೀವಿ. ಅವನು ತೂಕಡಿಸಿದಾಗ ಕಳ್ಳ ನುಗ್ಗೋದು ಎಷ್ಟೋ ಸಲ ಮೂಗಿನ ಬಾಗಿಲಿಂದಾನೇ. ಸೈನಸ್ ಕಟ್ತು, ಕೆನ್ನೆ ನೋವು, ಜ್ವರ, ಏನೇ ಬರಲಿ, ಮುಂದಿನ ಇಂಜೆಕ್ಷನ್ ಚುಚ್ಚಿಕೊಳ್ಳೋ ಮುಂಚೆ ನನಗೊಂದು ಫೋನ್ ಮಾಡು. ಬುದ್ಧಿವಂತಿಕೆ ತೋರಿಸಬೇಡ."

ಹೋದ ಚಳಿಗಾಲದಲ್ಲಿ ಅವಳು ಬುದ್ಧಿವಂತಿಕೆ ತೋರಿಸಿರಲಿಲ್ಲ. ಸೈನಸ್ ಸೋಂಕು ಬಂದ ಕೂಡಲೇ ಫೋನ್ ಮಾಡಿದ್ದಳು. ಇಂಜೆಕ್ಷನ್ ನಿಂತಿತು, ಮೂಗು ತೆರೆಯಿತು. ಬೆರಳುಗಳು ಮಾತ್ರ ಊದಿ, ಅಂಗಿಯ ಗುಂಡಿಯನ್ನೂ ಅಮ್ಮನೇ ಹಾಕಬೇಕಾಯಿತು. ಮೂವತ್ತು ದಾಟಿದ ಮಗಳ ತಲೆ ಬಾಚುತ್ತ ಅಮ್ಮ ಕನ್ನಡಿಯಲ್ಲಿ ಅವಳ ಕಣ್ಣು ತಪ್ಪಿಸಿದ್ದಳು. ಅದನ್ನು ಅವಳು ಮರೆತಿರಲಿಲ್ಲ. ಮೂಗು ಉಳಿಸಿಕೊಂಡರೆ ಬೆರಳು ಹೋಗುತ್ತದೆ, ಬೆರಳು ಉಳಿಸಿಕೊಂಡರೆ ಮೂಗು. ಅತ್ತ ದರಿ, ಇತ್ತ ಪುಲಿ.

ಈ ಸಲ ಮೂಗು ಕಟ್ಟಿದಾಗ ಫೋನ್ ಕೈಗೆತ್ತಿಕೊಂಡವಳು ಕೆಳಗಿಟ್ಟಳು. ಕಾರಣ, ಬೆರಳುಗಳು ಎಂದೂ ಇಲ್ಲದಷ್ಟು ಚೆನ್ನಾಗಿದ್ದವು! ಬೆಳಿಗ್ಗೆ ಕೋಣೆಗೆ ಬಂದು ಎಣ್ಣೆಯ ಡಬ್ಬಗಳ ಮುಚ್ಚಳ ತಿರುಗಿಸಿದರೆ ಸಾಕು, ಹೂವಿನಷ್ಟು ಹಗುರವಾಗಿ ಬಿಚ್ಚಿಕೊಳ್ಳುತ್ತಿದ್ದವು. ಹಿಂದೆ ಬಟ್ಟೆ ಸುತ್ತಿ, ಹಲ್ಲು ಕಚ್ಚಿ ತೆಗೆಯುತ್ತಿದ್ದ ಅವೇ ಮುಚ್ಚಳಗಳು. ಇಂಜೆಕ್ಷನ್ ಕೊನೆಗೂ ಕೆಲಸ ಮಾಡುತ್ತಿದೆ ಎಂದುಕೊಂಡಳು. ಈಗ ನಿಲ್ಲಿಸುವುದೇ? ಮೂಗು ಕಟ್ಟಿದ್ದು ಹಬೆ ತೆಗೆದುಕೊಂಡರೆ ಹೋದೀತು. ಯಾರಿಗೂ ಹೇಳಲಿಲ್ಲ. ಇಂಜೆಕ್ಷನ್ ಚುಚ್ಚಿಕೊಳ್ಳುತ್ತಲೇ ಹೋದಳು.

ಕಟ್ಟಿದ್ದು ಹೋಗಲಿಲ್ಲ, ವಾಸನೆ ಹೋಯಿತು.

ಆಗ ಕಂಡುಕೊಂಡ ಉಪಾಯವೇ ಅವನ ಮುಖ. ಅವನೂ ಅಭ್ಯಾಸದಿಂದ ಪ್ರತಿ ಪಟ್ಟಿಯನ್ನು ಮೂಸುತ್ತಿದ್ದ. ಕೆಟ್ಟದ್ದಿದ್ದರೆ ಹುಬ್ಬು, ಒಳ್ಳೆಯದಿದ್ದರೆ ಕೆನ್ನೆ. ಮುಖದಲ್ಲಿ ಏನನ್ನೂ ಬಚ್ಚಿಡಲು ಬಾರದ ಮನುಷ್ಯ. ಅವಳು ಅವನ ಮುಖ ನೋಡಿ ಪಾಸು ಮಾಡುತ್ತಿದ್ದಳು, ಫೇಲು ಮಾಡುತ್ತಿದ್ದಳು. ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಿ ಬರೆದಂತೆ. ನಾಚಿಕೆಯಾಗುತ್ತಿತ್ತು. ನಾಚಿಕೆಯ ಜೊತೆಗೆ ಇನ್ನೊಂದು ಸಂಗತಿಯೂ ಆಗುತ್ತಿತ್ತು. ಅವನ ಬಲಗಣ್ಣಿನ ರೆಪ್ಪೆಯ ಮೇಲೆ ಒಂದು ಸಣ್ಣ ಮಚ್ಚೆಯಿದೆ, ಕಣ್ಣು ಮುಚ್ಚಿ ಮೂಸುವಾಗ ಮಾತ್ರ ಕಾಣುತ್ತದೆ. ಅದು ಕಾಣುವ ಕ್ಷಣಕ್ಕಾಗಿ ತಾನು ಕಾಯುತ್ತೇನೆ ಎಂಬುದು ಅವಳಿಗೆ ಗೊತ್ತಾಗಿತ್ತು. ಗೊತ್ತಾದ ಮೇಲೆ ತಪ್ಪು ಇನ್ನೂ ದೊಡ್ಡದೆನಿಸಿತು.

"ಏನು ಹಾಗೆ ನೋಡ್ತೀರ?" ಎಂದು ಒಮ್ಮೆ ಚಹಾದ ಹೊತ್ತಿನಲ್ಲಿ ಕೇಳಿಯೇಬಿಟ್ಟ.

"ಯಾಕೆ, ನೋಡಬಾರದಾ?"

"ನೋಡಿ, ನೋಡಿ. ಆದ್ರೆ ತೂಕ ತಪ್ಪುತ್ತೆ."

"ತಕ್ಕಡಿಗೂ ತೂಕ ತಪ್ಪುತ್ತಾ?"

"ಒಂದು ಬದಿಗೆ ಭಾರ ಜಾಸ್ತಿ ಬಿದ್ರೆ ತಪ್ಪದೆ ಇನ್ನೇನು?" ಎಂದು ತಾನೇ ಆಡಿದ ಮಾತಿಗೆ ತಾನೇ ಬೆಚ್ಚಿ ಲೋಟದೊಳಗೆ ಮುಖ ಹುದುಗಿಸಿದ. ಅವಳು ನಕ್ಕಳು. ನಕ್ಕಾಗ ಕೆನ್ನೆಯ ಒಳಗೆ ಮೂಳೆ ಜಗ್ಗಿದಂತೆ ನೋವಾಯಿತು.

ಅದೇ ವಾರ ಮನೆಯಲ್ಲಿ ಬ್ರೆಡ್ಡು ಸೀದು ಅಡುಗೆಮನೆಯೆಲ್ಲ ಹೊಗೆಯಾಯಿತು. ಅಮ್ಮ ಸ್ನಾನದ ಮನೆಯಿಂದ ಒದ್ದೆ ತಲೆಯಲ್ಲಿ ಓಡಿ ಬಂದಳು. ಅವಳು ಅಲ್ಲೇ ಪಕ್ಕದಲ್ಲಿ ಕೂತಿದ್ದಳು.

"ಇಲ್ಲೇ ಕೂತಿದೀಯ, ವಾಸನೆ ಬರಲಿಲ್ವೇನೇ?"

"ಏನೋ ಯೋಚನೆ ಮಾಡ್ತಿದ್ದೆ ಅಮ್ಮ."

"ನಿನ್ನ ಮೂಗು ಎಲ್ಲಿ ಅಡವಿಟ್ಟು ಬಂದಿದೀಯ?"

ಅಮ್ಮ ತಮಾಷೆಗೆ ಅಂದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವಳ ಕೈ ತಾನಾಗಿ ಮೂಗಿಗೆ ಹೋಯಿತು.

ಕೆಲವೇ ದಿನಗಳಲ್ಲಿ ಮಕ್ಕಳ ಸೋಪು ಅಂಗಡಿಗಳಿಂದ ಪೆಟ್ಟಿಗೆ ಪೆಟ್ಟಿಗೆ ವಾಪಸು ಬಂತು. ಕಿತ್ತಳೆಯ ಬದಲು ಹಳೇ ಪೇಂಟಿನ ವಾಸನೆ ಬರುತ್ತಿದೆಯಂತೆ. ಮ್ಯಾನೇಜರ್ ಇಬ್ಬರನ್ನೂ ಕರೆಸಿ ಒಂದು ಸೋಪನ್ನು ಮೇಜಿನ ಮೇಲೆ ಇಟ್ಟರು. ಅವಳು ಎತ್ತಿ ಮೂಸಿದಳು. ಏನೂ ಇಲ್ಲ. ಬರೀ ತಣ್ಣಗಿನ, ನುಣುಪಾದ ಒಂದು ವಸ್ತು.

"ಎಣ್ಣೆಗೆ ಗಾಳಿ ತಾಗಿ ಹಳಸಿದೆ ಅಂತ ಲ್ಯಾಬಿನವರು ಹೇಳ್ತಿದಾರೆ," ಎಂದರು ಮ್ಯಾನೇಜರ್. "ಇವರು ಮೂಸಿ ಪಾಸು ಮಾಡಿದಾರೆ ಅಂದ್ರೆ ಆಗ ಎಣ್ಣೆ ಸರಿಯಾಗೇ ಇತ್ತು. ಇವರ ಮೂಗು ತಪ್ಪು ಮಾಡಲ್ಲ. ಹಾಗಾದ್ರೆ ಆಮೇಲೆ ಡಬ್ಬ ತೆರೆದಿಟ್ಟವರು ಯಾರು?"

ಈಗ ಹೇಳಬೇಕು. ಹೇಳಿದರೆ ಕೆಲಸ ಹೋಗುತ್ತದೆ. ವಾಸನೆ ಬಾರದ ಮೂಗುರಾಣಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವಳು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಪಕ್ಕದಿಂದ ಅವನ ಧ್ವನಿ ಬಂತು.

"ತಪ್ಪು ನನ್ನದೇ ಸಾರ್. ನನ್ನಿಂದಾನೇ ಆಗಿರೋದು."

ಅವಳು ತಿರುಗಿ ನೋಡಿದಳು. ಅವನು ಅವಳ ಕಡೆ ನೋಡಲಿಲ್ಲ. ತನ್ನನ್ನು ಕಾಪಾಡಲು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡಳು. ಅಂದುಕೊಂಡೂ ಸುಮ್ಮನಿದ್ದಳು. ಆ ಸುಮ್ಮನಿದ್ದದ್ದೇ ಅವಳಿಗೆ ಆಮೇಲೆ ಊಟ ಸೇರದಂತೆ ಮಾಡಿತು. ಅವನನ್ನು ಆ ಮಧ್ಯಾಹ್ನವೇ ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ವಾರದ ಕೊನೆಗೆ ಮೇಲಿನವರು ಬಂದು, ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸುವುದು ಎಂದಾಯಿತು.

ಅವನ ಜಾಗಕ್ಕೆ ಪ್ಯಾಕಿಂಗಿನಿಂದ ಒಬ್ಬ ಅಕ್ಕ ಬಂದಳು. ಗಟ್ಟಿ ಕೈಯವಳು, ಗಟ್ಟಿ ಬಾಯಿಯವಳು. ಸಂಜೆ ಹೊರಡುವಾಗ ಒಂದೊಂದು ಡಬ್ಬದ ಮುಚ್ಚಳವನ್ನೂ ತಿರುಗಿಸಿ ಭದ್ರ ಮಾಡಿ, "ನನ್ನ ಕೈಲಿ ಮುಚ್ಚಿದ ಡಬ್ಬದೊಳಗೆ ಇರುವೆಗೂ ನುಗ್ಗಕ್ಕಾಗಲ್ಲ," ಎಂದು ಹೆಮ್ಮೆಪಟ್ಟಳು.

ಮರುದಿನ ಬೆಳಿಗ್ಗೆ ಮೂಗುರಾಣಿ ಮೊದಲ ಡಬ್ಬದ ಮೇಲೆ ಕೈಯಿಟ್ಟಳು. ಮುಚ್ಚಳ ಅಲ್ಲಾಡಲಿಲ್ಲ. ಇನ್ನೊಂದು. ಅದೂ ಇಲ್ಲ. ಬಟ್ಟೆ ಸುತ್ತಿದಳು, ಹಲ್ಲು ಕಚ್ಚಿದಳು. ಬೆರಳ ಗೆಣ್ಣುಗಳಲ್ಲಿ ಅದೇ ಹಳೆಯ ನೋವು, ಎಲ್ಲೂ ಹೋಗಿರದ ನೋವು, ಇಲ್ಲೇ ಇದ್ದೆನಲ್ಲ ಎಂದು ಎದ್ದು ಕೂತಿತು.

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಬಟ್ಟೆಯನ್ನು ಮೇಜಿನ ಮೇಲೆ ಇಟ್ಟಳು.

ಬೆರಳುಗಳು ವಾಸಿಯಾಗಿರಲೇ ಇಲ್ಲ. ಅವನು ದಿನಾ ಸಂಜೆ, ಅವಳು ಹೋದ ಮೇಲೆ, ಎಲ್ಲ ಮುಚ್ಚಳಗಳನ್ನೂ ಅರ್ಧ ಸುತ್ತು ಸಡಿಲ ಮಾಡಿಟ್ಟು ಹೋಗುತ್ತಿದ್ದ. ಕೈ ಸೋತಿದೆ ಎಂದು ಅವಳಿಗೆ ಅನಿಸಬಾರದೆಂದು. ರಾತ್ರಿಯೆಲ್ಲ ಆ ಸಂದಿನಲ್ಲಿ ಗಾಳಿಯಾಡಿ ಎಣ್ಣೆ ಹಳಸಿತ್ತು. ಅವನು ಹೇಳಿದ್ದು ಸುಳ್ಳಲ್ಲ.

"ಏನಾಯ್ತಮ್ಮ, ಮುಖ ಸುಣ್ಣ ಆಗಿದೆ?" ಎಂದಳು ಅಕ್ಕ.

"ಏನಿಲ್ಲ ಅಕ್ಕ. ಒಂದು ಕೆಲಸ ಬಾಕಿಯಿದೆ."

ಮ್ಯಾನೇಜರ್ ಕೋಣೆಯ ಬಾಗಿಲು ತಟ್ಟಿ, ಕೂರದೆ, ನಿಂತೇ ಹೇಳಿದಳು. "ಎಣ್ಣೆ ನಾನು ಪಾಸು ಮಾಡುವಾಗಲೇ ಕೆಟ್ಟಿತ್ತು ಸಾರ್. ನನಗೆ ಗೊತ್ತಾಗಲಿಲ್ಲ. ಸೈನಸ್ ಸೋಂಕಾಗಿದೆ, ವಾರಗಳಿಂದ ನನಗೆ ಏನೂ ವಾಸನೆ ಬರ್ತಿಲ್ಲ. ಮುಚ್ಚಿಟ್ಟೆ. ಡಬ್ಬದ ಮುಚ್ಚಳ ಸಡಿಲ ಇದ್ದದ್ದೂ ನನ್ನ ಕೈ ಸಲುವಾಗಿ. ಮೂಗು ಸರಿಯಿದ್ದಿದ್ರೆ ಮೊದಲನೇ ದಿನಾನೇ ಹಿಡೀತಿದ್ದೆ. ಅವರನ್ನ ಕಳಿಸಬೇಡಿ."

ಮ್ಯಾನೇಜರ್ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಮೂಗುರಾಣಿ ಅಂತ ತಲೆ ಮೇಲೆ ಕೂರಿಸ್ಕೊಂಡಿದ್ವಲ್ಲಮ್ಮ," ಎಂದರು ಕೊನೆಗೆ. ಬೈದಿದ್ದರೆ ವಾಸಿಯಿತ್ತು. ಮೂಗು ಸರಿಯಾಗಿ, ಪರೀಕ್ಷೆ ಕೊಟ್ಟು ಗೆಲ್ಲುವವರೆಗೆ ಆ ಕೋಣೆಗೆ ಬರಬಾರದು ಎಂದರು. ಅವನಿಗೆ ಎಚ್ಚರಿಕೆ ಕೊಟ್ಟು, ಕೆಲವು ವಾರ ಪ್ಯಾಕಿಂಗಿನಲ್ಲೇ ಇಟ್ಟು, ಆಮೇಲೆ ವಾಪಸು ಕರೆಸಲು ಒಪ್ಪಿದರು.

ಅಲ್ಲಿಂದ ನೇರ ಪ್ಯಾಕಿಂಗ್ ಶೆಡ್ಡಿಗೆ ಹೋದಳು. ರಟ್ಟಿನ ಪೆಟ್ಟಿಗೆಗಳ ಗೋಡೆಯ ಹಿಂದೆ ಅವನು ಟೇಪು ಅಂಟಿಸುತ್ತಿದ್ದ. ಟೇಪು ಕೂಡ ಎರಡೂ ಬದಿಗೆ ಸಮಸಮ.

"ಮುಚ್ಚಳ ಸಡಿಲ ಮಾಡ್ತಿದ್ದದ್ದು ನೀವಾ?"

ಸಿಕ್ಕಿಬಿದ್ದ ಮಗುವಿನ ಹಾಗೆ ಅವನು ಟೇಪಿನ ಸುರುಳಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ. "ಗಾಳಿ ತಾಗುತ್ತೆ ಅಂತ ಗೊತ್ತಿತ್ತು. ಒಂಚೂರು ಕೆಟ್ಟರೂ ನೀವು ಹಿಡೀತೀರ ಅನ್ನೋ ಧೈರ್ಯ."

"ನನ್ನ ಮೂಗು ಸತ್ತು ವಾರಗಳಾಯ್ತು."

ಅವಳು ಎಲ್ಲ ಹೇಳಿದಳು. ಡಾಕ್ಟರಮ್ಮನ ಮಾತು, ಕೆಳಗಿಟ್ಟ ಫೋನು, ಬೆರಳು ವಾಸಿಯಾಯಿತೆಂದು ನಂಬಿ ನಿಲ್ಲಿಸದೆ ಹೋದ ಇಂಜೆಕ್ಷನ್. ಅವನು ಅಯ್ಯೋ ಎಂಬಂತೆ ಕೇಳುತ್ತಿದ್ದ.

"ಹಾಗಾದ್ರೆ ಅಷ್ಟೂ ದಿನ ಪಾಸು, ಫೇಲು ಹೇಗೆ ಹೇಳ್ತಿದ್ರಿ?"

ಇಲ್ಲಿಗೆ ನಿಲ್ಲಿಸಬಹುದಿತ್ತು. ಇದು ಮ್ಯಾನೇಜರಿಗೂ ಹೇಳಿರದ ಮಾತು. ಆದರೆ ಅರ್ಧ ಸತ್ಯ ಹೇಳಿ ಅವನ ಮೂಗಿಗೆ ತುಪ್ಪ ಸವರುವುದು ಅವಳಿಗೆ ಸಾಕಾಗಿತ್ತು.

"ನಿಮ್ಮ ಮುಖ ನೋಡಿ."

ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದದ್ದು ಅವನ ಮುಖದಲ್ಲೇ ಕಾಣಿಸಿತು, ಎಲ್ಲವೂ ಅಲ್ಲೇ ಕಾಣಿಸುತ್ತಿತ್ತಲ್ಲ. ಮೊದಲು ಕೆನ್ನೆ ಇಳಿಯಿತು, ಆಮೇಲೆ ತುಟಿ.

"ಓ," ಎಂದ. "ಪಟ್ಟಿಗೋಸ್ಕರ ನೋಡ್ತಿದ್ರಾ."

"ಅದಕ್ಕೆ ಮಾತ್ರ ಅಲ್ಲ..."

"ಆ ದಿನ ನನಗೆ ಪೇಂಟ್ ವಾಸನೆ ಬಂದಿತ್ತು. ಹೇಳೋಣ ಅಂತ ತಲೆ ಎತ್ತಿದೆ. ನೀವು ನೋಡ್ತಾ ಇದ್ರಿ. ಹಾಗೆ ನನ್ನನ್ನ ಯಾರೂ ಯಾವತ್ತೂ ನೋಡಿರಲಿಲ್ಲ. ಪೇಂಟೂ ಮರೆತೆ, ಕಿತ್ತಳೇನೂ ಮರೆತೆ." ಅವನು ನಗಲು ನೋಡಿದ. ಎಡತುದಿ ಎದ್ದಿತು, ಬಲತುದಿ ಏಳಲಿಲ್ಲ. "ಮನೆಗೆ ಹೋಗಿ. ಡಾಕ್ಟರಿಗೆ ಫೋನ್ ಮಾಡಿ. ಮೊದಲು ಅದು."

ಅವನು ಪೆಟ್ಟಿಗೆಯ ಕಡೆ ತಿರುಗಿದ. ಈ ಸಲ ಟೇಪು ಸೊಟ್ಟ ಬಿತ್ತು.

ಡಾಕ್ಟರಮ್ಮ ಬೈದರು, ಚೆನ್ನಾಗಿಯೇ ಬೈದರು. ಇಂಜೆಕ್ಷನ್ ನಿಂತಿತು, ಆ್ಯಂಟಿಬಯೋಟಿಕ್ ಶುರುವಾಯಿತು. ಮೂಗಿನ ಡಾಕ್ಟರು ಒಳಗೆ ದೀಪ ಬಿಟ್ಟು ನೋಡಿ, ದಿನಾ ಉಪ್ಪುನೀರಿನಲ್ಲಿ ತೊಳೆಯಲು ಹೇಳಿಕೊಟ್ಟು, ವಾಸನೆ ನಿಧಾನ ಬರಬಹುದು, ಕಾಯಬೇಕು ಎಂದರು. ಬೆರಳುಗಳು ಊದಿದವು. ಅಮ್ಮ ಮತ್ತೆ ಬಾಚಣಿಗೆ ಹಿಡಿದಳು.

"ನನಗೂ ಹೇಳಲಿಲ್ಲ," ಎಂದಳು ಅಮ್ಮ ಸಿಕ್ಕು ಬಿಡಿಸುತ್ತ. ಈ ಸಲ ಕನ್ನಡಿಯಲ್ಲಿ ಕಣ್ಣು ತಪ್ಪಿಸಲಿಲ್ಲ.

"ನಿನಗೆ ಮತ್ತೆ ಈ ಕೆಲಸ ಕೊಡಬಾರದು ಅಂತ."

"ಹೆತ್ತವಳಿಗೆ ತಲೆ ಬಾಚೋದು ಒಂದು ಕೆಲಸಾನಾ? ಅಲ್ಲಾಡಬೇಡ."

ಅವಳು ಅತ್ತಳು. ಅಮ್ಮನಿಗಾಗಿ ಸ್ವಲ್ಪ, ಉಳಿದದ್ದೆಲ್ಲ ಆ ಏಳದ ಬಲತುದಿಗಾಗಿ. ಅವನ ಕೆಲಸ ಉಳಿಯಿತು ಎಂದು ಸಮಾಧಾನ ಹೇಳಿಕೊಂಡರೂ ಮನಸ್ಸು ಒಪ್ಪಲಿಲ್ಲ. ಒಬ್ಬ ಮನುಷ್ಯನ ಖುಷಿಯನ್ನು ಅವನಿಗೆ ಗೊತ್ತಿಲ್ಲದೆ ಬಳಸಿಕೊಂಡಿದ್ದಳು. ಕದ್ದದ್ದನ್ನು ಹಿಂದಿರುಗಿಸಬಹುದು, ಇದನ್ನು ಹೇಗೆ ಹಿಂದಿರುಗಿಸುವುದು?

ವಾಸನೆ ಬಂದದ್ದು ಯಾವ ಸದ್ದೂ ಇಲ್ಲದೆ. ಒಂದು ಬೆಳಿಗ್ಗೆ ಅಮ್ಮನ ಸೆರಗು ಹತ್ತಿರ ಬಂದಾಗ ಒಗೆದ ಬಟ್ಟೆಯ ಘಮ ತೆಳ್ಳಗೆ ತಾಕಿತು. ಅವಳು ಸೆರಗನ್ನು ಹಿಡಿದು ಮುಖಕ್ಕೆ ಒತ್ತಿಕೊಂಡಳು. "ಬಿಡೇ, ಹಾಲು ಉಕ್ಕುತ್ತೆ," ಎಂದಳು ಅಮ್ಮ. ಆದರೂ ಹಾಲು ಉಕ್ಕುವವರೆಗೂ ಅಲ್ಲೇ ನಿಂತಳು.

ಆ ಭಾನುವಾರ ಮಧ್ಯಾಹ್ನ ಬಾಗಿಲು ತೆರೆದ ಅಮ್ಮ ಒಳಗೆ ಬಂದು ಪಿಸುಗುಟ್ಟಿದಳು. "ಯಾರೋ ಉದ್ದದವರು ಬಂದಿದಾರೆ. ಕೈಯಲ್ಲಿ ಒಂದೇ ಒಂದು ಕಿತ್ತಳೆ ಹಣ್ಣು. ಕಾಯಿಲೆಯವರನ್ನ ನೋಡಕ್ಕೆ ಒಂದೇ ಹಣ್ಣಾ? ಭಾರೀ ಜಿಪುಣ."

ಅವನು ಕುರ್ಚಿಯ ತುದಿಯಲ್ಲಿ ಕೂತ. ಅವಳ ಊದಿದ ಬೆರಳುಗಳನ್ನು ನೋಡಿ ಕಣ್ಣು ಕೆಳಗೆ ಮಾಡಿದ. ಅಮ್ಮ ಚಹಾ ಮಾಡುವ ನೆವದಲ್ಲಿ ಒಳಗೆ ಹೋಗಿ, ಪಾತ್ರೆಯ ಸದ್ದೇ ಇಲ್ಲದೆ ಚಹಾ ಮಾಡತೊಡಗಿದಳು.

"ಲೆಕ್ಕ ಹಾಕ್ದೆ," ಎಂದ. "ನಾನು ಮುಚ್ಚಳ ಮುಟ್ಟದೆ ಇದ್ದಿದ್ರೆ ನಿಮಗೆ ಬೆರಳಿನ ಸ್ಥಿತಿ ಗೊತ್ತಾಗ್ತಿತ್ತು. ಇಂಜೆಕ್ಷನ್ನಿನ ಮೇಲೆ ಅಷ್ಟು ಆಸೆ ಹುಟ್ತಿರಲಿಲ್ಲ. ಫೋನ್ ಮಾಡ್ತಿದ್ರಿ. ನಿಮ್ಮ ಮೂಗು ಹಾಳು ಮಾಡಿದ್ದೇ ನಾನು."

"ಫೋನ್ ಕೆಳಗಿಟ್ಟದ್ದು ನನ್ನ ಕೈ."

"ಆ ಕೈಗೆ ಸುಳ್ಳು ಹೇಳಿದ್ದು ನಾನು."

"ತಪ್ಪನ್ನೂ ತಕ್ಕಡೀಲಿ ಹಾಕ್ತೀರಾ? ಯಾರದ್ದು ಜಾಸ್ತಿ ಅಂತ?"

ಅವನ ತುಟಿಯ ಎಡತುದಿ ಏಳಲೋ ಬೇಡವೋ ಎಂದು ಯೋಚಿಸಿತು. ಕಿತ್ತಳೆಯನ್ನು ಅವಳ ಕಡೆ ಚಾಚಿದವನು, ಅವಳ ಬೆರಳುಗಳನ್ನು ನೋಡಿ ಕೈ ಹಿಂದೆ ತೆಗೆದುಕೊಂಡ. "ಸುಲಿದು ಕೊಡ್ಲಾ? ಈ ಸಲ ಕೇಳಿ ಮಾಡ್ತೀನಿ. ನಿಮಗೆ ಗೊತ್ತಿರೋ ಹಾಗೆ."

"ಸುಲೀರಿ."

ಅವಳು ಕಣ್ಣು ಮುಚ್ಚಿಕೊಂಡಳು. ಅವನ ಮುಖದ ಸಹಾಯ ಬೇಡವೆಂದು ತೋರಿಸಬೇಕಿತ್ತು. ಉಗುರು ಸಿಪ್ಪೆಗೆ ಇಳಿದ ಸಣ್ಣ ಸದ್ದು. ಮೊದಲು ಏನೂ ಇಲ್ಲ. ಆಮೇಲೆ ಹನಿಹನಿಯಾಗಿ, ಹುಳಿಯಾಗಿ, ತಾಜಾ ಆಗಿ, ಮೂಗಿನ ಬುಡದವರೆಗೆ ಚುರುಕ್ಕೆಂದು ಬಂತು.

"ಕಿತ್ತಳೆ," ಎಂದಳು. "ಪೇಂಟ್ ಇಲ್ಲ. ಸಿಪ್ಪೆ ಒಂಚೂರು ಹಸಿ, ಇನ್ನೆರಡು ದಿನ ಬಿಟ್ಟು ತರಬೇಕಿತ್ತು. ಮತ್ತೆ ನಿಮ್ಮ ಕೈಯಲ್ಲಿ ಇನ್ನೂ ಪ್ಯಾಕಿಂಗ್ ಟೇಪಿನ ಅಂಟಿನ ವಾಸನೆ ಇದೆ. ಚೆನ್ನಾಗಿ ತೊಳ್ಕೊಳ್ಳಿ."

ಅವನು ಜೋರಾಗಿ ಉಸಿರು ಬಿಟ್ಟದ್ದು ಕೇಳಿಸಿತು. "ಬಂತು! ಮೂಗು ಬಂತು!" ಎಂದ. ಒಳಗಿನಿಂದ ಅಮ್ಮ ಮೂಗೆಳೆದುಕೊಂಡ ಸದ್ದೂ ಕೇಳಿಸಿತು. ಆಮೇಲೆ ಅವನು, ಸಿಪ್ಪೆಯ ಚೂರುಗಳನ್ನು ತಟ್ಟೆಯಲ್ಲಿ ಜೋಡಿಸುತ್ತ, ಮೆಲ್ಲಗೆ ಹೇಳಿದ. "ಒಳ್ಳೇದಾಯ್ತು. ಇನ್ನು ನನ್ನ ಮುಖದ ಕೆಲಸ ಮುಗೀತು."

ಅವಳು ಕಣ್ಣು ತೆರೆದಳು. ಅವನು ತಲೆ ತಗ್ಗಿಸಿದ್ದ. ರೆಪ್ಪೆಯ ಮೇಲಿನ ಮಚ್ಚೆ ಕಾಣುತ್ತಿತ್ತು. ಬಿಳಿ ನಾರು ಅಂಟಿದ ಅವನ ಕೈ ಮೇಜಿನ ಮೇಲಿತ್ತು. ಅದರ ಮೇಲೆ ತನ್ನ ಊದಿದ, ಮಡಚಲು ಬಾರದ ಕೈಯನ್ನು, ಯಾವುದನ್ನೂ ಮರೆಮಾಚದೆ, ಹಾಗೇ ಇಟ್ಟಳು. ಅವನು ತಲೆಯೆತ್ತಿದ. ಅವಳು ನೋಡುತ್ತಿದ್ದಳು.

"ಏನು ಹಾಗೆ ನೋಡ್ತೀರ?" ಎಂದ.

"ಕೆಲಸ ಮುಗೀತು ಅಂದ್ರಲ್ಲ," ಎಂದಳು ಅವಳು. "ಅದಕ್ಕೇ ನೋಡ್ತಾ ಇದೀನಿ."

ಮೊದಲು ಎಡತುದಿ ಎದ್ದಿತು.